ಉಬ್ಬಿದ ಕ್ಯಾನ್ವಾಸ್: ಸಮ ಮಾಡುವ ಮುಂಚೆ ಏನು ನೋಡಬೇಕು?

ಕ್ಯಾನ್ವಾಸ್ ಜೋತುಬಿದ್ದಿದೆ, ಮೂಲೆಯಲ್ಲಿ ನೆರಿಗೆ ಬಂದಿದೆ. ಹೇಗೆ ಸಮ ಮಾಡೋದು ಅನ್ನೋದು ಆಮೇಲಿನ ಮಾತು. ಚಿತ್ರವನ್ನು ಬಿಗಿಯಾಗಿ ಹಿಡಿದಿರುವ ಪದರ ಯಾವುದು ಅಂತ ಮೊದಲು ಪತ್ತೆ ಮಾಡಿ.

ಹಳೆಯ ತೈಲಚಿತ್ರಗಳಲ್ಲಿ ಬಟ್ಟೆಗೆ ಸಾಮಾನ್ಯವಾಗಿ ಪ್ರಾಣಿಗಳ ಚರ್ಮದಿಂದ ತೆಗೆದ ಅಂಟು ಬಳಿದು, ಮೇಲೆ ತಳಬಣ್ಣ ಹಚ್ಚುತ್ತಿದ್ದರು. ಗಾಳಿ ಒಣಗಿದರೆ ಆ ಅಂಟು ಕುಗ್ಗಿ ಬಿಗಿಯುತ್ತದೆ. ತೇವ ತೀರಾ ಜಾಸ್ತಿಯಾದರೆ ಮೆತ್ತಗಾಗುತ್ತದೆ. ಹಾಗಾಗಿ ಸ್ವಲ್ಪ ತೇವ ಕೊಟ್ಟು, ಭಾರ ಇಟ್ಟು ನಿಧಾನವಾಗಿ ಒಣಗಿಸಿದರೆ ಉಬ್ಬು ಇಳಿಯುವುದುಂಟು.

ಹಲವು ಆಧುನಿಕ ಚಿತ್ರಗಳಲ್ಲಿ ಈ ಲೆಕ್ಕ ತಪ್ಪುತ್ತದೆ. 1952ರಲ್ಲಿ ಅಮೆರಿಕದ ಕಲಾವಿದೆ ಹೆಲೆನ್ ಫ್ರಾಂಕೆನ್‌ಥಾಲರ್ 'ಮೌಂಟನ್ಸ್ ಅಂಡ್ ಸೀ' ಚಿತ್ರ ಬರೆದಾಗ ಕ್ಯಾನ್ವಾಸಿಗೆ ಅಂಟೂ ಇಲ್ಲ, ತಳಬಣ್ಣವೂ ಇಲ್ಲ. ಟರ್ಪೆಂಟೈನ್ ಬೆರೆಸಿ ತೆಳುವಾಗಿಸಿದ ಎಣ್ಣೆಬಣ್ಣವನ್ನು ನೆಲದ ಮೇಲಿನ ಬಟ್ಟೆಗೆ ಸುರಿದರು. ಬಣ್ಣ ನೂಲಿಗೇ ಇಳಿಯಿತು. ಬಣ್ಣವಿಲ್ಲದ ಜಾಗವೂ ಚಿತ್ರವೇ, ಅಲ್ವಾ? ಇಂಥ ಬಟ್ಟೆಗೆ ಒಂದು ಹನಿ ನೀರು ಬಿದ್ದರೂ ಕಷ್ಟ. ಹಳತಾದ ಹತ್ತಿಯಲ್ಲಿರುವ ಹಳದಿ ಅಂಶ ಕರಗಿ, ಹರಿದು, ಒದ್ದೆ ನಿಂತ ಅಂಚಿನಲ್ಲಿ ಕಂದು ಗೆರೆಯಾಗುತ್ತದೆ. ಆ ಗೆರೆ ತೆಗೆಯುವುದು ಉಬ್ಬು ತೆಗೆಯುವುದಕ್ಕಿಂತ ಬಹಳ ಕಷ್ಟ. ಮೇಣ ಹಾಕಿ ಹಿಂದೆ ಇನ್ನೊಂದು ಬಟ್ಟೆ ಅಂಟಿಸುವ ಹಳೆಯ ಪದ್ಧತಿ ಇಲ್ಲಿ ಬೇಡವೇ ಬೇಡ. ಮೇಣ ನೂಲಿಗಿಳಿದರೆ ಬರಿ ಬಟ್ಟೆ ಕಪ್ಪಾಗುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ.

ತೇವ ಕೊಡಲೇಬೇಕಿದ್ದರೆ ಆವಿಯಾಗಿ ಕೊಡಿ. ಗೋರ್‌ಟೆಕ್ಸ್ ಹಾಳೆ ಆವಿಯನ್ನು ಬಿಡುತ್ತದೆ, ನೀರನ್ನು ತಡೆಯುತ್ತದೆ. ಒದ್ದೆ ಬ್ಲಾಟಿಂಗ್ ಕಾಗದಕ್ಕೂ ಕ್ಯಾನ್ವಾಸಿಗೂ ನಡುವೆ ಅದನ್ನಿಟ್ಟು, ಹಿಂಬದಿಯಿಂದ, ಸ್ವಲ್ಪ ಹೊತ್ತು ಮಾತ್ರ. ಆಗಾಗ ಎತ್ತಿ ನೋಡುತ್ತಿರಿ.

ನೀರಿನಲ್ಲಿ ಬೆರೆಯುವ ಅಕ್ರಿಲಿಕ್ ಬಣ್ಣದ ಸ್ವಭಾವ ಬೇರೆ. ಬಿಸಿಯಾದರೆ ಮೆತ್ತಗಾಗಿ, ಭಾರದ ಕೆಳಗೆ ಕಾಗದದ ಅಚ್ಚು ಹಿಡಿಯುತ್ತದೆ. ಚಳಿಯಲ್ಲಿ ಗಟ್ಟಿಯಾಗುತ್ತದೆ, ಎಳೆದರೆ ಬಿರುಕು ಬಿಡಬಹುದು. ಚಳಿಯಲ್ಲಿ ಅಂಥ ಚಿತ್ರವನ್ನು ಸುರುಳಿ ಸುತ್ತಬೇಡಿ, ಎಳೆದು ಬಿಗಿಯಲೂಬೇಡಿ.

ಕೆಳಗಿನ ಅಂಚಿನಲ್ಲಿ ಮಾತ್ರ ಉಬ್ಬಿದ್ದರೆ ಹಿಂದಿನಿಂದ ನೋಡಿ. ಕ್ಯಾನ್ವಾಸನ್ನು ಬಿಗಿ ಮಾಡಲು ಚೌಕಟ್ಟಿನ ಮೂಲೆಗೆ ಸಿಕ್ಕಿಸಿದ ಬೆಣೆ ಜಾರಿ, ಕ್ಯಾನ್ವಾಸಿಗೂ ಕಟ್ಟಿಗೆಗೂ ನಡುವೆ ಸಿಕ್ಕಿರಬಹುದು. ಅದನ್ನು ಹುಷಾರಾಗಿ ತೆಗೆದರೆ ಎಷ್ಟೋ ಸಲ ಅಷ್ಟೇ ಸಾಕು. ದೊಡ್ಡ ಚಿತ್ರ ಮತ್ತೆ ಮತ್ತೆ ಜೋಲುತ್ತಿದ್ದರೆ, ಅದೇ ಚೌಕಟ್ಟಿಗೆ ಇನ್ನೊಂದು ಬಟ್ಟೆ ಬಿಗಿದು, ಅದರ ಮೇಲೆ ಅಂಟಿಲ್ಲದೆ ಚಿತ್ರವನ್ನು ಹಾಸುವ ವಿಧಾನವಿದೆ. ನನಗೆ ಇದೇ ಇಷ್ಟ: ಬೇಡವೆನಿಸಿದ ದಿನ ಆ ಬಟ್ಟೆಯನ್ನು ತೆಗೆದುಬಿಡಬಹುದು.