ಒಂದೇ ಚಿಮಣಿ, ಎರಡು ಹೊಗೆ

ತೈಲ ಸಂಸ್ಕರಣಾಗಾರದ ಚಿಮಣಿಯಿಂದ ಏಳುವ ಹೊಗೆ ನೋಡುವುದಕ್ಕೆ ಒಂದೇ ಆದರೂ ಅದರೊಳಗಿನ ಪದಾರ್ಥಗಳು ಹಿಡಿಯುವ ದಾರಿ ಬೇರೆ ಬೇರೆ. ಇಂಗಾಲದ ಡೈಆಕ್ಸೈಡ್ ಒಂದೆರಡು ವರ್ಷಗಳಲ್ಲಿ ಇಡೀ ಭೂಮಿಯ ವಾತಾವರಣದಲ್ಲಿ ಬೆರೆತುಹೋಗುತ್ತದೆ. ಅದು ಯಾವ ಊರಿನಿಂದ ಹೊರಟಿತು ಎಂಬುದು ಭೂಮಿಯ ತಾಪದ ಲೆಕ್ಕಕ್ಕೆ ಬೇಕಾಗಿಲ್ಲ. ಜೊತೆಯಲ್ಲೇ ಹೊರಬೀಳುವ ನೈಟ್ರೋಜನ್ ಆಕ್ಸೈಡುಗಳು ಮತ್ತು ಕೂದಲಿನ ದಪ್ಪದ ಸುಮಾರು ಮೂವತ್ತರಲ್ಲಿ ಒಂದು ಪಾಲಿನಷ್ಟಿರುವ ಪಿಎಂ 2.5 ಕಣಗಳು ಹಾಗಲ್ಲ. ಅವು ಚಿಮಣಿಯ ಹತ್ತಿರದ ಬೀದಿಗಳಲ್ಲಿಯೇ ಹೆಚ್ಚು ದಟ್ಟವಾಗಿದ್ದು, ಅಲ್ಲಿ ಮನೆ ಮಾಡಿಕೊಂಡವರ ಶ್ವಾಸಕೋಶಕ್ಕೆ ಇಳಿಯುತ್ತವೆ. ಅಮೆರಿಕದ ರಾಜ್ಯಗಳಲ್ಲಿ ಹವಾಮಾನ ನ್ಯಾಯದ, ಅಂದರೆ ಮಾಲಿನ್ಯ ಮತ್ತು ತಾಪದ ಹೊರೆಯೂ ಅದನ್ನು ತಗ್ಗಿಸುವ ಕ್ರಮಗಳ ಲಾಭನಷ್ಟವೂ ನ್ಯಾಯವಾಗಿ ಹಂಚಿಕೆಯಾಗಬೇಕೆಂಬ ವಿಚಾರದ, ಹೆಸರಿನಲ್ಲಿ ನಡೆದಿರುವ ಕಾನೂನು ರಚನೆಯನ್ನು ಅರ್ಥ ಮಾಡಿಕೊಳ್ಳಲು ಈ ಒಂದು ವ್ಯತ್ಯಾಸ ತಿಳಿದಿದ್ದರೆ ಅರ್ಧ ದಾರಿ ಸಾಗಿದಂತೆ.

ಆ ಬೀದಿಗಳಲ್ಲಿ ಯಾರು ವಾಸಿಸುತ್ತಾರೆ ಎಂದು ಲೆಕ್ಕ ಹಾಕಿದವರಲ್ಲಿ ಮೊದಲಿಗರು ಸಮಾಜಶಾಸ್ತ್ರಜ್ಞ ರಾಬರ್ಟ್ ಬುಲ್ಲರ್ಡ್. 1979ರಲ್ಲಿ ವಕೀಲೆಯಾಗಿದ್ದ ಅವರ ಪತ್ನಿ ಲಿಂಡಾ ಮೆಕ್‌ಕೀವರ್ ಬುಲ್ಲರ್ಡ್ ಹೂಸ್ಟನ್ನಿನ ಕಸದ ಗುಂಡಿಯೊಂದರ ವಿರುದ್ಧ ದಾವೆ ಹೂಡಿದಾಗ ಬುಲ್ಲರ್ಡ್ ಅದಕ್ಕೆ ಬೇಕಾದ ಅಂಕಿಅಂಶ ಕಲೆಹಾಕಿದರು. ನಗರದ ಜನಸಂಖ್ಯೆಯಲ್ಲಿ ಕಪ್ಪು ಜನರು ಸುಮಾರು ಕಾಲು ಭಾಗ ಮಾತ್ರ. ಆದರೆ ನಗರಾಡಳಿತದ ಐದು ಕಸದ ಗುಂಡಿಗಳೂ ಅವರ ಬಡಾವಣೆಗಳಲ್ಲಿಯೇ ಇದ್ದವು. ದಾವೆ ಸೋತಿತು, ವಿಧಾನ ಉಳಿಯಿತು: ನಕ್ಷೆಯ ಮೇಲೆ ಮಾಲಿನ್ಯವನ್ನೂ ಜನರನ್ನೂ ಒಟ್ಟಿಗೆ ಗುರುತಿಸುವುದು.

ನಕ್ಷೆಗಳು ಅನ್ಯಾಯದ ಸಾಧನಗಳೂ ಆಗಿದ್ದವು. 1930ರ ದಶಕದಲ್ಲಿ ಒಕ್ಕೂಟ ಸರ್ಕಾರದ ಗೃಹಸಾಲ ಸಂಸ್ಥೆಯೊಂದು ನಗರಗಳ ನಕ್ಷೆ ಬರೆಸಿ, ಕಪ್ಪು ಜನರು ಮತ್ತು ವಲಸಿಗರಿದ್ದ ಬಡಾವಣೆಗಳನ್ನು ಸಾಲಕ್ಕೆ ಅಪಾಯಕಾರಿ ಎಂದು ಕೆಂಪು ಬಣ್ಣದಲ್ಲಿ ಗುರುತಿಸಿತು. ಹಣ ಬಾರದ ಕಡೆ ಮರಗಳೂ ಬರಲಿಲ್ಲ, ಉದ್ಯಾನಗಳೂ ಬರಲಿಲ್ಲ, ಹೆದ್ದಾರಿಗಳು ಬಂದವು. 2020ರಲ್ಲಿ 108 ನಗರಗಳನ್ನು ಪರಿಶೀಲಿಸಿದ ಅಧ್ಯಯನವೊಂದು, ಈ ಕೆಂಪು ಬಡಾವಣೆಗಳ ನೆಲದ ಮೇಲ್ಮೈ ಇತರ ಬಡಾವಣೆಗಳಿಗಿಂತ ಸರಾಸರಿ 2.6 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿ ಎಂದು ತೋರಿಸಿತು. ಅದರ ಲೇಖಕರಲ್ಲಿ ಒಬ್ಬರಾದ ವಿವೇಕ್ ಶಾಂಡಸ್ 2021ರ ಜೂನ್ ತಿಂಗಳ ಬಿಸಿಗಾಳಿಯಲ್ಲಿ ತಾಪಮಾಪಕ ಹಿಡಿದು ಪೋರ್ಟ್‌ಲೆಂಡ್ ನಗರ ಸುತ್ತಿದರು. ಮರಗಳು ಕಡಿಮೆಯಿರುವ, ಬಡವರು ಹೆಚ್ಚಿರುವ ಲೆಂಟ್ಸ್ ಬಡಾವಣೆಯಲ್ಲಿ ಮಾಪಕ ತೋರಿಸಿದ್ದು ಸುಮಾರು 51 ಡಿಗ್ರಿ. ಅದೇ ನಗರದ ಹಸಿರು ತುಂಬಿದ ಶ್ರೀಮಂತ ಬಡಾವಣೆಯಲ್ಲಿ ಸುಮಾರು 37. ಮರುವರ್ಷ ಆರೆಗಾನ್ ರಾಜ್ಯ ಒಂದು ಕಾನೂನು ಮಾಡಿ, ಬಾಡಿಗೆದಾರರು ಏಸಿ ಇಟ್ಟುಕೊಳ್ಳುವುದನ್ನು ಮನೆ ಮಾಲೀಕರು ಸುಮ್ಮನೆ ತಡೆಯುವಂತಿಲ್ಲ ಎಂದಿತು. ಸಣ್ಣ ಕಾನೂನು, ಆದರೆ ಜೀವ ಉಳಿಸುವ ಬಗೆಯದು.

ಹಳೆಯ ನಕ್ಷೆ ಮಾಡಿದ್ದನ್ನು ಹೊಸ ನಕ್ಷೆಯಿಂದ ಸರಿಪಡಿಸಲು ಹೊರಟಿದ್ದು ಕ್ಯಾಲಿಫೋರ್ನಿಯಾ. ಕೆವಿನ್ ಡಿ ಲಿಯೋನ್ ಮಂಡಿಸಿದ 2012ರ ಕಾನೂನು, ಇಂಗಾಲ ಹೊರಬಿಡುವ ಹಕ್ಕುಪತ್ರಗಳನ್ನು ರಾಜ್ಯವು ಒಟ್ಟು ಮಿತಿ ಹಾಕಿ ಕಾರ್ಖಾನೆಗಳಿಗೆ ಮಾರುವ ಹರಾಜಿನಿಂದ ಬರುವ ಹಣದ ಕನಿಷ್ಠ ಕಾಲು ಭಾಗವು ಹಿಂದುಳಿದ ಸಮುದಾಯಗಳಿಗೆ ಪ್ರಯೋಜನವಾಗಬೇಕು ಎಂದಿತು. ಆದರೆ ಹಿಂದುಳಿದವರು ಯಾರು? ಅದಕ್ಕೆ ಉತ್ತರವಾಗಿ 2013ರಲ್ಲಿ ಬಂದದ್ದು ಕ್ಯಾಲ್‌ಎನ್ವಿರೋಸ್ಕ್ರೀನ್ ಎಂಬ ನಕ್ಷೆ. ರಾಜ್ಯದ ಸುಮಾರು 8,000 ಗಣತಿ ವಲಯಗಳಿಗೆ ಇದು ಒಂದೊಂದು ಅಂಕ ಕೊಡುತ್ತದೆ. 2021ರ ಆವೃತ್ತಿಯಲ್ಲಿ ಒಟ್ಟು 21 ಸೂಚಕಗಳಿವೆ. ಓಝೋನ್, ಡೀಸೆಲ್ ಕಣ, ಕೀಟನಾಶಕ, ಕುಡಿಯುವ ನೀರಿನ ಕಲ್ಮಶ ಮುಂತಾದವುಗಳಿಂದ ಮಾಲಿನ್ಯದ ಹೊರೆಗೆ ಹತ್ತರೊಳಗೆ ಒಂದು ಅಂಕ. ಆಸ್ತಮಾ, ಹೃದ್ರೋಗ, ಕಡಿಮೆ ತೂಕದ ಶಿಶುಜನನ, ಬಡತನ, ನಿರುದ್ಯೋಗ ಮುಂತಾದವುಗಳಿಂದ ಜನರ ದುರ್ಬಲತೆಗೆ ಹತ್ತರೊಳಗೆ ಇನ್ನೊಂದು. ಇವೆರಡನ್ನು ಕೂಡಿಸುವುದಿಲ್ಲ, ಗುಣಿಸುತ್ತಾರೆ.

ಈ ಗುಣಾಕಾರದಲ್ಲಿಯೇ ವಿಜ್ಞಾನವಿರುವುದು. ಮಾಲಿನ್ಯದಲ್ಲಿ 9, ದುರ್ಬಲತೆಯಲ್ಲಿ 3 ಅಂಕವಿರುವ ವಲಯದ ಒಟ್ಟು ಅಂಕ 27. ಮಾಲಿನ್ಯದಲ್ಲಿ 8 ಇದ್ದರೂ ದುರ್ಬಲತೆಯಲ್ಲಿ 9 ಇರುವ ವಲಯದ್ದು 72. ಕೂಡಿದ್ದರೆ ಇವು 12 ಮತ್ತು 17 ಆಗಿ ಅಕ್ಕಪಕ್ಕದಲ್ಲಿ ನಿಲ್ಲುತ್ತಿದ್ದವು. ಅಷ್ಟೇ ಧೂಳು ಆರೋಗ್ಯವಂತನಿಗೆ ಕೆಮ್ಮು ತರಿಸಿದರೆ ಆಸ್ತಮಾ ಇರುವ ಮಗುವನ್ನು ಆಸ್ಪತ್ರೆಗೆ ಸೇರಿಸಬಲ್ಲದು ಎಂಬ ವೈದ್ಯಕೀಯ ತಿಳಿವಳಿಕೆಯನ್ನು ಗುಣಾಕಾರವು ಗಣಿತಕ್ಕೆ ಇಳಿಸುತ್ತದೆ. ಮುಖ್ಯವಾಗಿ ಮೇಲಿನ ಶೇ. 25ರಷ್ಟು ವಲಯಗಳೇ ಹಿಂದುಳಿದ ಸಮುದಾಯಗಳೆನಿಸುತ್ತವೆ. 2016ರ ತಿದ್ದುಪಡಿಯ ನಂತರ ಕಾಲು ಭಾಗದ ಹಣ ಆ ವಲಯಗಳ ಒಳಗೇ ಖರ್ಚಾಗಬೇಕಾಯಿತು.

ಆದರೆ ಸೂತ್ರ ಎಂದಮೇಲೆ ಅದರ ಕುರುಡು ಜಾಗಗಳೂ ಇರುತ್ತವೆ. ಆಸ್ತಮಾವನ್ನು ಇಲ್ಲಿ ಅಳೆಯುವುದು ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದವರ ಸಂಖ್ಯೆಯಿಂದ. ವಿಮೆ ಇಲ್ಲದ, ದಾಖಲೆಪತ್ರಗಳಿಲ್ಲದ ವಲಸಿಗ ತಾಯಿ ಉಬ್ಬಸ ಬಂದ ಮಗುವನ್ನು ಮನೆಯಲ್ಲೇ ಇಟ್ಟುಕೊಂಡರೆ ಆ ಮಗುವಿನ ಉಸಿರಾಟದ ಕಷ್ಟ ನಕ್ಷೆಗೆ ಏರುವುದೇ ಇಲ್ಲ. 2024ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸೂತ್ರದ ಆಯ್ಕೆಗಳನ್ನು ಸಮಂಜಸವಾದ ಮಿತಿಯೊಳಗೇ ಬದಲಿಸಿದರೂ ಸುಮಾರು ಶೇ. 16ರಷ್ಟು ವಲಯಗಳ ಸ್ಥಾನಮಾನ ಬದಲಾಗಬಹುದೆಂದು ಕಂಡುಕೊಂಡಿತು. ಅಂಚಿನಲ್ಲಿರುವ ಬಡಾವಣೆಯ ಪಾಲಿಗೆ ಇದು ಕೇವಲ ಸಂಖ್ಯಾಶಾಸ್ತ್ರದ ಪ್ರಶ್ನೆಯಲ್ಲ. ಕ್ಯಾಲಿಫೋರ್ನಿಯಾದ ಸೂಚಕಗಳಲ್ಲಿ ಜನಾಂಗ ಸೇರಿಲ್ಲ. ನ್ಯೂಯಾರ್ಕ್ ರಾಜ್ಯ 2019ರ ಕಾನೂನಿನಡಿ 2023ರಲ್ಲಿ ಅಂತಿಮಗೊಳಿಸಿದ 45 ಸೂಚಕಗಳಲ್ಲಿ ಸೇರಿದೆ. ಕೆಂಪು ನಕ್ಷೆ ಬರೆದವರು ಜನಾಂಗ ನೋಡಿಯೇ ಬರೆದಿದ್ದರಿಂದ, ನ್ಯೂಯಾರ್ಕಿನ ದಾರಿಯೇ ಹೆಚ್ಚು ಪ್ರಾಮಾಣಿಕ ಎಂದು ನನ್ನ ಅನಿಸಿಕೆ.

ಹಣ ಹಂಚುವುದು ಒಂದು ದಾರಿಯಾದರೆ ಬೇಡ ಎನ್ನುವುದು ಇನ್ನೊಂದು. ನ್ಯೂಜೆರ್ಸಿಯ ನ್ಯೂಆರ್ಕ್ ನಗರದ ಐರನ್‌ಬೌಂಡ್ ಬಡಾವಣೆಯಲ್ಲಿ ಕಸ ಸುಡುವ ಸ್ಥಾವರವಿದೆ, ಕೊಳಚೆನೀರಿನ ಘಟಕವಿದೆ, ಪಕ್ಕದಲ್ಲೇ ಬಂದರು, ಅದರ ಲಾರಿಗಳು, ತಲೆಯ ಮೇಲೆ ವಿಮಾನಗಳು. ಸ್ಥಾವರಗಳಿಗೆ ಅನುಮತಿ ಕೊಡುವಾಗ ಒಂದೊಂದನ್ನೂ ಬಿಡಿಯಾಗಿ ನೋಡುವುದೇ ವಾಡಿಕೆ. ಒಂದೊಂದೂ ಮಿತಿಯೊಳಗೇ ಇದ್ದರೂ ಒಟ್ಟು ಎಷ್ಟಾಯಿತೆಂದು ಕೂಡಿ ನೋಡುವವರಿರಲಿಲ್ಲ. 2020ರ ಸೆಪ್ಟೆಂಬರಿನಲ್ಲಿ ಗವರ್ನರ್ ಫಿಲ್ ಮರ್ಫಿ ಸಹಿ ಹಾಕಿದ ಕಾನೂನು ಆ ಕೂಡುಲೆಕ್ಕವನ್ನು ಕಡ್ಡಾಯಗೊಳಿಸಿತು. ಈಗಾಗಲೇ ಹೊರೆ ಹೊತ್ತ ಸಮುದಾಯದ ಮೇಲೆ ಹೊಸ ಸ್ಥಾವರವೊಂದು ಇತರರಿಗಿಲ್ಲದ ಹೆಚ್ಚಿನ ಹೊರೆ ಹೇರುವುದಾದರೆ, ಅತ್ಯಗತ್ಯವಾದ ಸಾರ್ವಜನಿಕ ಹಿತವಿಲ್ಲದ ಹೊರತು ರಾಜ್ಯವು ಅನುಮತಿ ನಿರಾಕರಿಸಲೇಬೇಕು.

ಕಲ್ಲಿದ್ದಲು ನಾಡುಗಳ ನ್ಯಾಯ ಬೇರೆ ಬಗೆಯದು: ಅಲ್ಲಿ ಸ್ಥಾವರ ಮುಚ್ಚಿದರೆ ಹೋಗುವುದು ಕೆಲಸ ಮತ್ತು ಊರಿನ ತೆರಿಗೆ ಆದಾಯ. ಕೊಲರಾಡೋ 2019ರಲ್ಲಿ ಇದಕ್ಕಾಗಿಯೇ ಒಂದು ಕಚೇರಿ ತೆರೆಯಿತು.

ಇನ್ನು ಮತದಾರರ ಒಪ್ಪಿಗೆಯ ಮಾತು. ವಾಷಿಂಗ್ಟನ್ ರಾಜ್ಯದಲ್ಲಿ, ಹಾಸ್ಯ ಕಾರ್ಯಕ್ರಮಗಳನ್ನೂ ನಡೆಸಿಕೊಡುವ ಅರ್ಥಶಾಸ್ತ್ರಜ್ಞ ಯೋರಾಮ್ ಬೌಮನ್ 2016ರಲ್ಲಿ ಇಂಗಾಲದ ತೆರಿಗೆಯ ಪ್ರಸ್ತಾವವನ್ನು ಜನಮತಕ್ಕೆ ತಂದರು. ಬಂದ ಹಣವನ್ನೆಲ್ಲ ಇತರ ತೆರಿಗೆಗಳ ಕಡಿತದ ಮೂಲಕ ಹಿಂದಿರುಗಿಸುವ ಯೋಜನೆ ಪಠ್ಯಪುಸ್ತಕದ ಪ್ರಕಾರ ಸೊಗಸಾಗಿಯೇ ಇತ್ತು. ಮಾಲಿನ್ಯ ಉಣ್ಣುತ್ತಿದ್ದ ಬಡಾವಣೆಗಳಿಗೆ ಅದರಲ್ಲಿ ಏನೂ ಇಲ್ಲವೆಂದು ಅವರ ಸಂಘಟನೆಗಳೇ ವಿರೋಧಿಸಿದವು, ಪ್ರಸ್ತಾವ ಸೋತಿತು. ಆ ಸಂಘಟನೆಗಳೂ ಕೂಡಿ ರೂಪಿಸಿದ 2018ರ ಪ್ರಸ್ತಾವವೂ ತೈಲ ಕಂಪನಿಗಳ 3 ಕೋಟಿ ಡಾಲರಿಗೂ ಮೀರಿದ ಪ್ರಚಾರದ ಎದುರು ಸೋತಿತು. ನ್ಯಾಯ ಸೇರಿಸಿದರೆ ಸಾಕು, ಮತ ತಾನೇ ಬರುತ್ತದೆ ಎಂದು ಹೇಳುವಂತಿಲ್ಲ. ಕೊನೆಗೆ 2021ರಲ್ಲಿ ಶಾಸಕಾಂಗವೇ ಕಾನೂನು ಮಾಡಿತು: ಕ್ಯಾಲಿಫೋರ್ನಿಯಾದಂತೆಯೇ ಹಕ್ಕುಪತ್ರಗಳ ಹರಾಜು, ಆ ಹಣದಲ್ಲಿ ಕನಿಷ್ಠ ಶೇ. 35 ಹೊರೆ ಹೊತ್ತ ಸಮುದಾಯಗಳಿಗೆ, ಶೇ. 10 ಮೂಲನಿವಾಸಿ ಬುಡಕಟ್ಟುಗಳು ಬೆಂಬಲಿಸುವ ಯೋಜನೆಗಳಿಗೆ. ಅದನ್ನು ರದ್ದುಪಡಿಸುವ ಪ್ರಸ್ತಾವ 2024ರಲ್ಲಿ ಮತಕ್ಕೆ ಬಂದಾಗ ಸುಮಾರು ಶೇ. 62ರಷ್ಟು ಜನ ತಿರಸ್ಕರಿಸಿದರು. ಎರಡು ತಿಂಗಳ ನಂತರ ಒಕ್ಕೂಟ ಸರ್ಕಾರವು ತನ್ನ ಹವಾಮಾನ ವೆಚ್ಚದ ಪ್ರಯೋಜನದಲ್ಲಿ ಶೇ. 40 ಹಿಂದುಳಿದ ಸಮುದಾಯಗಳಿಗೆ ತಲುಪಬೇಕೆಂಬ ತನ್ನದೇ ಗುರಿಯನ್ನು ಕೈಬಿಟ್ಟಿತು.

ಈಗ ಮತ್ತೆ ಚಿಮಣಿಯ ಮಾತಿಗೆ ಬರೋಣ. ಹರಾಜಿನಲ್ಲಿ ಹಕ್ಕುಪತ್ರ ಕೊಂಡ ಕಾರ್ಖಾನೆಯು ಮೊದಲಿನಷ್ಟೇ ಹೊಗೆ ಬಿಡಬಹುದು; ಇಂಗಾಲ ಇನ್ನೆಲ್ಲೋ ಕಡಿಮೆಯಾಗುತ್ತದೆ, ಸೂಕ್ಷ್ಮ ಕಣ ಅದೇ ಬೀದಿಯಲ್ಲಿ ಉಳಿಯುತ್ತದೆ. ಕ್ಯಾಲಿಫೋರ್ನಿಯಾದ ಈ ಹಕ್ಕುಪತ್ರ ವ್ಯಾಪಾರ ಪದ್ಧತಿಯ ಮೊದಲ ವರ್ಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಥಾವರಗಳ ಹೊರಸೂಸುವಿಕೆ ಹೆಚ್ಚಿತ್ತೆಂದು 2018ರ ಅಧ್ಯಯನವೊಂದು ಹೇಳಿದರೆ, ಬೇರೆ ರೀತಿಯ ಹೋಲಿಕೆ ಮಾಡಿದ ನಂತರದ ಅಧ್ಯಯನವೊಂದು ಹಿಂದುಳಿದ ಬಡಾವಣೆಗಳಿಗೂ ಉಳಿದವಕ್ಕೂ ನಡುವಿನ ಮಾಲಿನ್ಯದ ಅಂತರ ಕಿರಿದಾಗಿದೆ ಎಂದಿತು. ವಾಷಿಂಗ್ಟನ್ನಿನ ಕಾನೂನು ಇದನ್ನು ಅಧ್ಯಯನಕಾರರಿಗೆ ಬಿಟ್ಟುಕೊಡಲಿಲ್ಲ. ರಾಜ್ಯವು 16 ಪ್ರದೇಶಗಳನ್ನು ಗುರುತಿಸಿ ಅಲ್ಲಿ ಗಾಳಿಯ ಮಾಪಕಗಳನ್ನು ಹೆಚ್ಚಿಸುತ್ತಿದೆ. ಎರಡು ವರ್ಷಕ್ಕೊಮ್ಮೆ ಪರಿಶೀಲಿಸಿ, ಮಾಲಿನ್ಯ ಇಳಿಯದಿದ್ದರೆ ಅಲ್ಲಿನ ಕಾರ್ಖಾನೆಗಳ ಬಳಿ ಹಕ್ಕುಪತ್ರ ಎಷ್ಟಿದ್ದರೂ ನಿಯಮ ಬಿಗಿಗೊಳಿಸಬೇಕು.