ಕಕ್ಕಡದ ಮಳೆಯಲ್ಲಿ ಮನೆ ಸೇರುವ ಕಾರು

ಕೊಡಗಿನ ಕಕ್ಕಬೆ ಕಡೆಯ ಕಾಫಿ ಬೆಳೆಗಾರರೊಬ್ಬರು ಮೊನ್ನೆ ನನ್ನ ಗ್ಯಾರೇಜಿಗೆ ಬಂದಿದ್ದರು. ಹದಿನೈದು ವರ್ಷದ ಪರಿಚಯ. ಅವರ ಹಳೆ ಜೀಪಿನ ಕ್ಲಚ್ಚು, ಬ್ರೇಕು ಎಲ್ಲ ನನ್ನ ಕೈಯಲ್ಲೇ ಆಗಿದ್ದು. ಕಾಫಿಗೆ ಒಳ್ಳೆ ರೇಟು ಸಿಕ್ಕಿದೆ, ಒಂದು ದೊಡ್ಡ ಕಾರು ತೆಗೆಯೋಣ ಅಂತ ಮನೆಯಲ್ಲಿ ಮಾತಾಗಿದೆ. ಕೈಯಲ್ಲಿ ನಾಲ್ಕು ಬ್ರೋಷರ್ ಇತ್ತು.

"ನೀನೇ ಹೇಳು ಮಾರಾಯ, ಯಾವುದು ತಗೊಳ್ಳಲಿ?"

"ಅಣ್ಣ, ಮೇನ್ ರೋಡಿಂದ ನಿಮ್ಮ ಮನೆಗೆ ಎಷ್ಟು ದೂರ?"

"ಮೂರು ಕಿಲೋಮೀಟರ್."

"ಕಕ್ಕಡದಲ್ಲಿ ದಾರಿ ಹೇಗಿರುತ್ತೆ?"

ಅವರು ಸ್ವಲ್ಪ ಯೋಚಿಸಿ, "ಒಂದು ಏರು ಇದೆ. ಅಲ್ಲಿ ಮಾತ್ರ ಕಷ್ಟ" ಅಂದರು.

ಕಾರು ಆರಿಸಬೇಕಾದ್ದು ಆ ಏರಿಗೆ. ಉಳಿದ ದಾರಿಯಲ್ಲಿ ಎಲ್ಲ ಕಾರೂ ಓಡುತ್ತದೆ. ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ವಾರಗಟ್ಟಲೆ ಬಿಸಿಲೇ ಕಾಣದ ದಿನಗಳಲ್ಲಿ, ರಾತ್ರಿ ಒಂಬತ್ತಕ್ಕೆ ವಯಸ್ಸಾದ ಅಮ್ಮನನ್ನು ಕೂರಿಸಿಕೊಂಡು ಆ ಏರು ಹತ್ತಬೇಕು. ಬೆಳಿಗ್ಗೆ ಅದನ್ನೇ ಇಳಿಯಬೇಕು. ಶೋರೂಮಿನವರು ತೋರಿಸುವ ವೀಡಿಯೊದಲ್ಲಿ ಮರಳುಗಾಡು ಇರುತ್ತದೆ, ಬಂಡೆ ಇರುತ್ತದೆ. ನಮ್ಮ ಕೆಂಪು ಜೇಡಿ ಇರುವುದಿಲ್ಲ.

ಈ ಜೇಡಿಯ ಗುಣ ಬೇರೆ. ಮೇಲೆ ಕೊಳೆತ ಎಲೆ, ಅದರ ಕೆಳಗೆ ಬೆಣ್ಣೆಯಂಥ ತೆಳು ಕೆಸರು, ಅದರ ಕೆಳಗೆ ಗಟ್ಟಿ ನೆಲ. ಟೈರಿನ ಗೆರೆಗಳಲ್ಲಿ ಮಣ್ಣು ತುಂಬಿಕೊಂಡರೆ ಟೈರು ನುಣ್ಣನೆಯ ಉರುಳೆಯಾಗುತ್ತದೆ. ಆಮೇಲೆ 200 ಕುದುರೆ ಶಕ್ತಿ ಇದ್ದರೂ ಅಷ್ಟೇ, 500 ಇದ್ದರೂ ಅಷ್ಟೇ. ಜಾಸ್ತಿ ಶಕ್ತಿ ಇದ್ದರೆ ಚಕ್ರ ಇನ್ನೂ ಬೇಗ ಸುತ್ತಿ, ಇನ್ನೂ ಬೇಗ ಗುಂಡಿ ತೋಡುತ್ತದೆ. ಹಾಗಾಗಿ ನಾನು ಮೊದಲು ನೋಡುವುದು ಎಂಜಿನ್ ಅಲ್ಲ, ಟೈರು.

ಟೈರಿನ ಪಕ್ಕದಲ್ಲಿ ಬರೆದ ಅಂಕಿಗಳನ್ನು ಓದಲು ಕಲಿಯಿರಿ. 265/60 ಆರ್ 18 ಅಂದರೆ ಟೈರಿನ ಅಗಲ 265 ಮಿಲಿಮೀಟರ್. ಅದರ 60 ಪರ್ಸೆಂಟ್, ಅಂದರೆ 159 ಮಿಲಿಮೀಟರ್, ರಿಮ್ಮಿನಿಂದ ನೆಲದವರೆಗಿನ ರಬ್ಬರಿನ ಎತ್ತರ. 18 ಅನ್ನುವುದು ರಿಮ್ಮಿನ ವ್ಯಾಸ, ಇಂಚಿನಲ್ಲಿ. ಈಗ ಅದೇ ಸಾಲಿನ ದುಬಾರಿ ಕಾರುಗಳ ಟಾಪ್ ಮಾದರಿಯಲ್ಲಿ ಬರುವ 275/40 ಆರ್ 22 ಲೆಕ್ಕ ಹಾಕಿ. ರಬ್ಬರು 110 ಮಿಲಿಮೀಟರ್ ಮಾತ್ರ. ಸುಮಾರು ಎರಡೂವರೆ ಟನ್ ಗಾಡಿ ಅದರ ಮೇಲೆ ಕೂತಿರುತ್ತದೆ. ತೋಟದ ದಾರಿಯಲ್ಲಿ ಸವರಿದ ಕಾಫಿ ಬುಡದ ಮೊನೆ, ಚರಂಡಿ ಅಂಚಿನ ಚೂಪು ಕಲ್ಲು ಏನೇ ತಾಗಿದರೂ ಟೈರಿನ ಪಕ್ಕ ಸೀಳುತ್ತದೆ. ಪಕ್ಕ ಸೀಳಿದ ಟೈರಿಗೆ ಪಂಕ್ಚರ್ ಹಾಕಲು ಆಗುವುದಿಲ್ಲ. ಹೊಸದೇ ಬೇಕು, ಆ ಅಳತೆಯ ಟೈರು ಮಡಿಕೇರಿಯಲ್ಲಿ ಸಿಗುವುದು ಕಷ್ಟ.

ಇನ್ನೊಂದು ತೊಂದರೆ ಇದೆ. ಕೆಸರಿನಲ್ಲಿ ಹಿಡಿತ ಬೇಕಾದರೆ ಗಾಳಿ ಇಳಿಸುತ್ತೇವೆ. 33 ಇರುವುದನ್ನು 22, 24ಕ್ಕೆ ತಂದರೆ ಟೈರು ಸ್ವಲ್ಪ ಚಪ್ಪಟೆಯಾಗಿ ನೆಲವನ್ನು ಹೆಚ್ಚು ಅಪ್ಪುತ್ತದೆ. ರಬ್ಬರು ಗಿಡ್ಡ ಇದ್ದರೆ ಇದನ್ನು ಮಾಡಲು ಧೈರ್ಯ ಸಾಲದು. ಒಂದು ಕಲ್ಲಿಗೆ ರಿಮ್ಮೇ ಬಡಿಯುತ್ತದೆ. ಆದ್ದರಿಂದ ಒಂದೇ ಕಾರು 18, 20, 22 ಇಂಚಿನಲ್ಲಿ ಸಿಗುವುದಾದರೆ ಚಿಕ್ಕ ರಿಮ್ಮನ್ನೇ ಕೇಳಿ ಪಡೆಯಿರಿ. ನೋಡಲು ಸ್ವಲ್ಪ ಕಡಿಮೆ ಅನ್ನಿಸಬಹುದು. ಪರವಾಗಿಲ್ಲ. ಆ ಚಕ್ರಕ್ಕೆ ಟಾರಿಗೂ ಮಣ್ಣಿಗೂ ಆಗುವ ಆಲ್ ಟೆರೇನ್ ಟೈರು ಸುಲಭವಾಗಿ ಸಿಗುತ್ತದೆ. ಕೆಸರಿಗೆಂದೇ ಮಾಡಿದ ಮಡ್ ಟೆರೇನ್ ಟೈರನ್ನು ಮಾತ್ರ ನಾನು ದಿನದ ಕಾರಿಗೆ ಹಾಕಿಸುವುದಿಲ್ಲ. ಟಾರ್ ರೋಡಿನಲ್ಲಿ ಗುಂಯ್‌ಗುಡುತ್ತದೆ, ಮಳೆಯಲ್ಲಿ ಸಂಪಾಜೆ ಘಾಟಿ ಇಳಿಯುವಾಗ ಬ್ರೇಕಿನ ಹಿಡಿತವೂ ಕಡಿಮೆ.

ಇನ್ನು ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ವಿಷಯ. "ಇದು ಆಲ್ ವೀಲ್ ಡ್ರೈವ್, ಎಲ್ಲಿ ಬೇಕಾದರೂ ಹೋಗುತ್ತೆ" ಅಂತ ಹೇಳಿಸಿಕೊಂಡು ಬಂದವರನ್ನು ಎಷ್ಟೋ ಸಲ ಎಳೆದು ತೆಗೆದಿದ್ದೇನೆ. ಎರಡು ವರ್ಷದ ಹಿಂದೆ ಗಾಳಿಬೀಡಿನ ಹತ್ತಿರ ಒಂದು ಮದುವೆ ಮನೆಗೆ ಬಂದ ನೆಂಟರ ಕಾರು ಏರಿನ ನಡುವೆ ಅಡ್ಡ ತಿರುಗಿ ನಿಂತಿತ್ತು. ಒಳಗೆ ಇಬ್ಬರು ಮಕ್ಕಳು ಅಳುತ್ತಿದ್ದರು. ಮುಂದಿನ ಎಡ ಚಕ್ರ, ಹಿಂದಿನ ಬಲ ಚಕ್ರ ಗಾಳಿಯಲ್ಲಿ ಸುತ್ತುತ್ತಿದ್ದವು. ನೆಲದಲ್ಲಿದ್ದ ಎರಡು ಚಕ್ರಗಳು ಅಲುಗುತ್ತಲೇ ಇರಲಿಲ್ಲ.

ಹೀಗೇಕೆ ಆಗುತ್ತದೆ? ಡಿಫರೆನ್ಷಿಯಲ್ ಅನ್ನುವುದು ತಿರುವಿನಲ್ಲಿ ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲಿ ಅಂತ ಇಟ್ಟ ಗೇರಿನ ಜೋಡಣೆ. ಒಂದು ಚಕ್ರಕ್ಕೆ ಹಿಡಿತ ಇಲ್ಲದಿದ್ದರೆ ಅದು ಸುಮ್ನೆ ಸುತ್ತುತ್ತದೆ, ಹಿಡಿತ ಇರುವ ಚಕ್ರಕ್ಕೆ ನೂಕುವಷ್ಟು ಬಲವೇ ಸಿಗುವುದಿಲ್ಲ. ಈಗಿನ ಕಾರುಗಳಲ್ಲಿ ಸುತ್ತುವ ಚಕ್ರಕ್ಕೆ ಕಂಪ್ಯೂಟರೇ ಬ್ರೇಕ್ ಹಾಕಿ ಬಲವನ್ನು ಹಿಡಿತ ಇರುವ ಚಕ್ರದ ಕಡೆಗೆ ತಳ್ಳುತ್ತದೆ. ಒಳ್ಳೆಯ ಕಾರಿನಲ್ಲಿ ಇದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಉದ್ದ ಏರಿನಲ್ಲಿ ಮತ್ತೆ ಮತ್ತೆ ಬ್ರೇಕ್ ಹಾಕಿದರೆ ಬಿಸಿಯಾಗುತ್ತದೆ, ಒಂದು ಹಂತದಲ್ಲಿ ಕಂಪ್ಯೂಟರ್ ಕೈಬಿಡುತ್ತದೆ. ಡಿಫರೆನ್ಷಿಯಲ್ ಲಾಕ್ ಇದ್ದರೆ ಎರಡೂ ಚಕ್ರ ಒಂದೇ ಕಡ್ಡಿಗೆ ಕಟ್ಟಿದ ಹಾಗೆ ಜೊತೆಗೇ ತಿರುಗುತ್ತವೆ. ಒಂದಕ್ಕೆ ಹಿಡಿತ ಇದ್ದರೆ ಸಾಕು.

ಲಾಕ್‌ಗಿಂತಲೂ ನಾನು ಹೆಚ್ಚು ಒತ್ತಿ ಕೇಳುವುದು ಲೋ ರೇಂಜ್, ಅಂದರೆ ಗಾಡಿಯ ವೇಗ ಇಳಿಸಿ ಬಲ ಹೆಚ್ಚಿಸುವ ಇನ್ನೊಂದು ಗೇರಿನ ಜೋಡಣೆ. ಹತ್ತುವುದಕ್ಕೆ ಅಲ್ಲ, ಇಳಿಯುವುದಕ್ಕೆ. ನಮ್ಮಲ್ಲಿ ಅಪಘಾತ ಆಗುವುದು ಇಳಿಯುವಾಗಲೇ. ಜೇಡಿಯ ಇಳಿಜಾರಿನಲ್ಲಿ ಬ್ರೇಕ್ ತುಳಿದರೆ ಚಕ್ರ ನಿಲ್ಲುತ್ತದೆ, ಗಾಡಿ ನಿಲ್ಲುವುದಿಲ್ಲ. ಲೋ ರೇಂಜಿನ ಒಂದನೇ ಗೇರಿನಲ್ಲಿ ಬ್ರೇಕ್ ಮುಟ್ಟದೆ, ಎಂಜಿನ್ನೇ ಹಿಡಿದುಕೊಂಡು ನಡಿಗೆಯ ವೇಗದಲ್ಲಿ ಇಳಿಸುತ್ತದೆ. ಮಾಂದಲ್‌ಪಟ್ಟಿಯಲ್ಲಿ ಪ್ರವಾಸಿಗರನ್ನು ಕರೆದೊಯ್ಯುವ ಜೀಪು ಹುಡುಗರು ದಿನಕ್ಕೆ ಎಷ್ಟೋ ಸಲ ಮಾಡುವ ಕೆಲಸ ಇದೇ. ಇಳಿಜಾರಿನಲ್ಲಿ ವೇಗ ಹಿಡಿಯುವ ಹಿಲ್ ಡಿಸೆಂಟ್ ಬಟನ್ ಬಹಳಷ್ಟು ದುಬಾರಿ ಕಾರುಗಳಲ್ಲಿ ಇರುತ್ತದೆ. ಅದು ಬ್ರೇಕನ್ನು ಬಿಟ್ಟು ಹಿಡಿದು ಮಾಡುತ್ತದೆ. ಚಿಕ್ಕ ಇಳಿಜಾರಿಗೆ ಸಾಕು. ಅರ್ಧ ಕಿಲೋಮೀಟರ್ ಇಳಿಜಾರಿಗೆ ನಾನು ಅದೊಂದನ್ನೇ ನಂಬುವುದಿಲ್ಲ.

ಈ ಕಣ್ಣಿನಲ್ಲಿ ನೋಡಿದರೆ ಮಾರುಕಟ್ಟೆಯ ಕಾರುಗಳು ತಾವೇ ಬೇರೆಯಾಗುತ್ತವೆ. ಬಿಎಂಡಬ್ಲ್ಯು ಎಕ್ಸ್5, ಆಡಿ ಕ್ಯೂ7, ವೋಲ್ವೋ ಎಕ್ಸ್‌ಸಿ90 ಟಾರ್ ರೋಡಿಗೆ ಅದ್ಭುತ ಗಾಡಿಗಳು. ಮಳೆಯ ಘಾಟಿಯಲ್ಲೂ ಧೈರ್ಯ ಕೊಡುತ್ತವೆ. ಆದರೆ ಲೋ ರೇಂಜ್ ಇಲ್ಲ. ನಿಮ್ಮ ಮನೆವರೆಗೂ ಕಾಂಕ್ರೀಟ್ ರಸ್ತೆ ಇದ್ದರೆ ಇವನ್ನೇ ತೆಗೆದುಕೊಳ್ಳಿ, ಮುಂದಿನದನ್ನು ಓದಬೇಕಿಲ್ಲ.

ಮರ್ಸಿಡಿಸ್ ಜಿ ಕ್ಲಾಸಿನಲ್ಲಿ ಮುಂದೆ, ಮಧ್ಯೆ, ಹಿಂದೆ ಮೂರು ಲಾಕ್ ಇದೆ, ಲೋ ರೇಂಜ್ ಇದೆ. ಕೆಲಸದ ಗಾಡಿಯಾಗಿ ಅದರಲ್ಲಿ ಕೊರತೆಯೇ ಇಲ್ಲ. ಬೆಲೆ ನೋಡಿದ ಮೇಲೆ ಕಾಫಿ ಗಿಡಗಳ ನಡುವೆ ಓಡಿಸಲು ಮನಸ್ಸು ಬರಬೇಕು, ಅಷ್ಟೇ. ಜೀಪ್ ರಾಂಗ್ಲರ್ ರೂಬಿಕಾನ್‌ನ ಲೋ ರೇಂಜ್ 4:1, ಅಂದರೆ ಗಾಡಿ ನಾಲ್ಕು ಪಟ್ಟು ನಿಧಾನ, ಬಲ ನಾಲ್ಕು ಪಟ್ಟು. ಮುಂದೆ ಹಿಂದೆ ಲಾಕ್ ಇದೆ. ಕೆಸರಿನಲ್ಲಿ ಅದರ ಹಾಗೆ ಹೋಗುವ ಹೊಸ ಗಾಡಿ ಕಡಿಮೆ. ಆದರೆ ನಮ್ಮ ದೇಶದಲ್ಲಿ ಪೆಟ್ರೋಲ್ ಮಾತ್ರ, ಹಿಂದಿನ ಸೀಟಿನಲ್ಲಿ ವಯಸ್ಸಾದವರನ್ನು ಬೆಂಗಳೂರಿಗೆ ಕರೆದೊಯ್ಯುವಾಗ ಅವರ ಬೆನ್ನು ನೆನಪಿರಲಿ. ಲ್ಯಾಂಡ್ ಕ್ರೂಸರ್ 300 ಹಳೆ ಕಾಲದ ಲ್ಯಾಡರ್ ಚಾಸಿ, ಅಂದರೆ ಏಣಿಯಂಥ ಉಕ್ಕಿನ ಚೌಕಟ್ಟಿನ ಮೇಲೆ ಕೂತ ಆರಾಮದ ಗಾಡಿ. ಮುಂದಿನ ಹಿಂದಿನ ಚಕ್ರಗಳ ನಡುವಿನ ಉದ್ದ 2,850 ಮಿಲಿಮೀಟರ್. ತಲೆಮಾರುಗಳಿಂದ ಇದೇ ಅಳತೆ ಇಟ್ಟುಕೊಂಡಿದ್ದಾರೆ. ಉದ್ದ ಜಾಸ್ತಿಯಾದರೆ ಏರಿನ ನೆತ್ತಿಯಲ್ಲಿ ಹೊಟ್ಟೆ ತಾಗುತ್ತದೆ, ಅದಕ್ಕೇ ಈ ಅಳತೆ ಮುಖ್ಯ.

ಡಿಫೆಂಡರ್ 110 ಏರ್ ಸಸ್ಪೆನ್ಷನ್ನಿನಲ್ಲಿ, ಅಂದರೆ ಸ್ಪ್ರಿಂಗಿನ ಬದಲು ಇರುವ ಗಾಳಿಚೀಲಗಳ ಮೇಲೆ, ಎದ್ದು ನಿಂತಾಗ ನೆಲದಿಂದ 291 ಮಿಲಿಮೀಟರ್ ಎತ್ತರ ಕೊಡುತ್ತದೆ. ಇಳಿದಾಗ ಅಜ್ಜಿ ಸಲೀಸಾಗಿ ಹತ್ತಬಹುದು. ಮೊದಲ ನೋಟಕ್ಕೆ ನಮಗೇ ಮಾಡಿದ ಹಾಗಿದೆ. ಆದರೆ ಗಾಳಿಚೀಲದ ಮಡಿಕೆಯಲ್ಲಿ ಕೆಂಪು ಮಣ್ಣು ಒಣಗಿದರೆ ಉಪ್ಪುಕಾಗದದ ಹಾಗೆ ಉಜ್ಜುತ್ತದೆ. ಏರ್ ಸಸ್ಪೆನ್ಷನ್ ಇರುವ ಯಾವ ಕಾರಿಗಾದರೂ ಈ ಮಾತು ಹೊಂದುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಚಕ್ರದ ಒಳಗೆ ನೀರು ಹಾಯಿಸಿ ತೊಳೆಯುವವರಿಗೆ ಮಾತ್ರ ನಾನು ಅದನ್ನು ಹೇಳುತ್ತೇನೆ.

ಫಾರ್ಚೂನರ್ ಐಷಾರಾಮಿ ಅಲ್ಲ ಅನ್ನಬಹುದು. ಆದರೆ ನಮ್ಮ ಊರಿನಲ್ಲಿ ಬಹಳ ಜನ ಅಲ್ಲಿಗೇ ಬಂದು ನಿಲ್ಲುತ್ತಾರೆ, ನನಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಒಂದೇ ಎಚ್ಚರ: ಫೋರ್ ಬೈ ಟೂ ತೆಗೆದುಕೊಂಡರೆ ಹಿಂದಿನ ಎರಡು ಚಕ್ರ ಮಾತ್ರ ನೂಕುತ್ತದೆ. ಹೊರಗಿಂದ ನೋಡಿದರೆ ಅದೂ ನಾಲ್ಕೂ ಚಕ್ರ ನೂಕುವ ಫೋರ್ ಬೈ ಫೋರೂ ಒಂದೇ.

ನೀರಿನ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಡಿಫೆಂಡರಿಗೆ 900 ಮಿಲಿಮೀಟರ್, ರಾಂಗ್ಲರಿಗೆ 762, ಜಿ ಕ್ಲಾಸಿಗೆ 700 ಅಂತ ಕಂಪನಿಗಳು ಆಳ ಹೇಳುತ್ತವೆ. ಆ ಅಂಕಿ ನಿಧಾನವಾಗಿ ದಾಟುವ, ನಿಂತ ನೀರಿಗೆ. ಭಾಗಮಂಡಲದ ಸಂಗಮದ ಹತ್ತಿರ, ಕರಡಿಗೋಡಿನಲ್ಲಿ ಕಾವೇರಿ ಏರಿ ಬಂದಾಗ ಅದು ನಿಂತ ನೀರಲ್ಲ. ಹರಿಯುವ ನೀರು ಮಂಡಿವರೆಗೆ ಬಂದರೂ ದೊಡ್ಡ ಗಾಡಿಯನ್ನು ಪಕ್ಕಕ್ಕೆ ತಳ್ಳುತ್ತದೆ, ಯಾಕೆಂದರೆ ಒಳಗೆ ಗಾಳಿ ತುಂಬಿದ ಡಬ್ಬ ಅದು, ತೇಲಲು ನೋಡುತ್ತದೆ. ನೀವು ನಡೆದು ದಾಟಲಾಗದ ತೋಡನ್ನು ಕಾರಿನಲ್ಲಿ ದಾಟಬೇಡಿ. ದಾಟಿದ ಮೇಲೆ ಡಿಫರೆನ್ಷಿಯಲ್ ಎಣ್ಣೆ ಬಿಚ್ಚಿ ನೋಡಿಸಿ. ಹಾಲು ಬೆರೆಸಿದ ಕಾಫಿಯ ಬಣ್ಣ ಬಂದಿದ್ದರೆ ನೀರು ಸೇರಿದೆ.

ಬ್ರೋಷರಿನಲ್ಲಿ ಇಲ್ಲದ ಕೆಲವು ವಿಷಯಗಳು ಇಲ್ಲಿ ಜಾಸ್ತಿ ಕಾಡುತ್ತವೆ. 2020ರ ಏಪ್ರಿಲ್ ನಂತರದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದು ತಾನೇ ಸುಟ್ಟು ಶುಚಿಯಾಗಲು ಎಂಜಿನ್ ಚೆನ್ನಾಗಿ ಬಿಸಿಯಾಗಿ, ಒಂದೇ ಸಮನೆ ಓಡಬೇಕು. ಮನೆಯಿಂದ ಕಣಕ್ಕೆ, ಕಣದಿಂದ ಆಳುಗಳ ಲೈನ್‌ಮನೆಗೆ ಅಂತ ಎರಡು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಅದು ಕಟ್ಟಿಕೊಳ್ಳುತ್ತದೆ. ವಾರಕ್ಕೊಮ್ಮೆ ಕುಶಾಲನಗರ ದಾಟಿ ಹುಣಸೂರು ಕಡೆ ಹೋಗಿ ಬನ್ನಿ, ಸರಿಹೋಗುತ್ತದೆ. ಸ್ಟೆಪ್ನಿ ನೋಡಿ. ಎಷ್ಟೋ ದುಬಾರಿ ಕಾರುಗಳಲ್ಲಿ ತೆಳು ಚಕ್ರವನ್ನೋ, ಬರೀ ಗಾಳಿ ಪಂಪನ್ನೋ ಕೊಟ್ಟಿರುತ್ತಾರೆ. ಮಾಕುಟ್ಟ ಘಾಟಿಯಲ್ಲಿ ರಾತ್ರಿ ಅದು ಸಾಲದು. ಎಳೆಯುವ ಕೊಕ್ಕೆ ಎಲ್ಲಿದೆ ಅಂತ ಕೊಳ್ಳುವ ಮೊದಲೇ ಬಗ್ಗಿ ನೋಡಿ, ಪ್ಲಾಸ್ಟಿಕ್ ಬಂಪರಿನ ಹಿಂದೆ ಅಡಗಿರುತ್ತದೆ. ಮತ್ತೆ ಇಲಿ. ಮಳೆಗಾಲದಲ್ಲಿ ಬೆಚ್ಚಗಿನ ಎಂಜಿನ್ ಮೇಲೆ ಕೂತು ವೈರು ಕಡಿಯುತ್ತವೆ. ಹಳೆ ಜೀಪಿನಲ್ಲಿ ನಾಲ್ಕು ವೈರು, ಟೇಪು ಸುತ್ತಿದರೆ ಮುಗಿಯಿತು. ಇವುಗಳಲ್ಲಿ ಒಂದು ವೈರು ಹೋದರೆ ಗಾಡಿಯನ್ನು ಟ್ರಕ್ಕಿನಲ್ಲಿ ಹಾಕಿ ಘಾಟಿ ಇಳಿಸಬೇಕು.

ಇಷ್ಟೆಲ್ಲ ಇದ್ದರೂ ಹುಲ್ಲುಗಾವಲಿಗೆ ಮಾತ್ರ ಇಳಿಸಬೇಡಿ. ಬೆಟ್ಟದ ಮೇಲಿನ ಆ ಹುಲ್ಲೇ ಮಳೆ ನೀರನ್ನು ಹಿಡಿದು ನಿಧಾನವಾಗಿ ತೋಡುಗಳಿಗೆ ಬಿಡುವುದು. ಒಂದು ಸಲ ಚಕ್ರ ಹಾದ ಗೆರೆಯಲ್ಲಿ ಮುಂದಿನ ಮಳೆಗೆ ನೀರು ಹರಿದು ಕೊರಕಲಾಗುತ್ತದೆ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರಿನಲ್ಲಿ ಬೆಟ್ಟ ಜಾರಿದ್ದನ್ನು ಕಂಡ ನಾವು ಮಣ್ಣಿನ ಜೊತೆ ಆಟ ಆಡಬಾರದು ಅಲ್ವಾ.

ಕಕ್ಕಬೆಯ ಅಣ್ಣನ ಮನೆಗೆ ಮರುದಿನ ಹೋದೆ. ಏರು ನೋಡಿದೆ. ಅವರು ಹೇಳಿದಷ್ಟು ಕೆಟ್ಟದಿಲ್ಲ, ಆದರೆ ಕೊನೆಯ ತಿರುವು ಬಿಗಿ. ಅದಾದ ಮೇಲೆ ಅವರ ಅಜ್ಜ ನಿಲ್ಲಿಸಿದ ಎರಡು ಕಲ್ಲುಕಂಬದ ಗೇಟು. ಟೇಪು ಹಿಡಿದೆವು. 2 ಮೀಟರ್ 15 ಸೆಂಟಿಮೀಟರ್. ಡಿಫೆಂಡರ್ ಪಕ್ಕದ ಕನ್ನಡಿಗಳನ್ನು ಹರಡಿ ನಿಂತರೆ 2 ಮೀಟರ್ 10 ಸೆಂಟಿಮೀಟರ್. ತಿರುಗಿಸಲು ಸುಮಾರು 12.8 ಮೀಟರ್ ಜಾಗ ಬೇಕು. ಫಾರ್ಚೂನರಿನ ಮೈ, ಕನ್ನಡಿ ಬಿಟ್ಟು, 1 ಮೀಟರ್ 85, ತಿರುಗಲು 11.6 ಸಾಕು.

"ಕಂಬ ಕೀಳಿಸಲಾ?" ಅಂತ ಅವರ ಮಗ ಕೇಳಿದ.

"ಬೇಡ" ಅಂದರು ಅವರು, ಕಂಬದ ಮೇಲಿನ ಪಾಚಿ ಸವರುತ್ತಾ.

ಫೋರ್ ಬೈ ಫೋರ್ ಫಾರ್ಚೂನರ್ ಬುಕ್ ಮಾಡಿದ್ದಾರೆ. ಉಳಿದ ದುಡ್ಡಿನಲ್ಲಿ ಆ ಏರಿಗೆ ಎರಡು ಸಾಲು ಕಾಂಕ್ರೀಟ್ ಪಟ್ಟಿ ಹಾಕಿಸುತ್ತಾರಂತೆ. ಹಳೆ ಜೀಪು ಮಾರುವ ಯೋಚನೆಯೂ ಇತ್ತು. ಅದನ್ನು ನಾನೇ ಬಿಡಿಸಿದೆ. ಗೊಬ್ಬರದ ಮೂಟೆ, ಮರದ ದಿಮ್ಮಿ, ಕೆಸರು ಕಾಲಿನ ಆಳುಗಳು ಎಲ್ಲ ಅದರಲ್ಲೇ ಹೋಗಲಿ. ಮುಂದಿನ ವಾರ ಅದರ ಬ್ರೇಕ್ ಲೈನಿಂಗ್ ಬದಲಿಸಲು ಗ್ಯಾರೇಜಿಗೆ ತರುತ್ತಿದ್ದಾರೆ.