ಸಿಕ್ಕಿದ್ದೆಲ್ಲ ತಿನ್ನುವ ಗುಲಗಂಜಿ ಹುಳು

ಅಕ್ಟೋಬರ್ ಬಂತೆಂದರೆ ನನ್ನ ಮೊಬೈಲಿಗೆ ಎರಡು ಬಗೆಯ ಗುಲಗಂಜಿ ಹುಳುಗಳ ಫೋಟೊ ಬರುತ್ತವೆ. ಒಂದು ನಮ್ಮ ರೈತರದು. ಅಲಸಂದೆಯ ಬಳ್ಳಿಯ ಮೇಲೋ ಹತ್ತಿಯ ಎಲೆಯ ಮೇಲೋ ಕುಳಿತ ಹುಳುವಿನ ಚಿತ್ರ, ಜೊತೆಗೆ ‘ಯಾವ ಔಷಧಿ ಹೊಡೆಯಲಿ ಸರ್?’ ಎಂಬ ಪ್ರಶ್ನೆ. ಇನ್ನೊಂದು ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ನೆಲೆಸಿದ ಕನ್ನಡಿಗರದು. ಕಿಟಕಿಯ ಮೂಲೆಯಲ್ಲಿ, ಪರದೆಯ ಮಡಿಕೆಯಲ್ಲಿ ನೂರಾರು ಹುಳುಗಳು ಒತ್ತೊತ್ತಾಗಿ ಕುಳಿತಿರುತ್ತವೆ. ರೈತರಿಗೆ ಹೇಳುವುದು ಚಿಕ್ಕ ಉತ್ತರ: ಏನನ್ನೂ ಹೊಡೆಯಬೇಡಿ, ಅದು ನಿಮ್ಮ ಬೆಳೆಯ ರಸ ಹೀರುವ ಹೇನು ತಿನ್ನಲು ಬಂದಿರುವ ಆರು ಚುಕ್ಕೆಯ ಹುಳು. ಹೊರದೇಶದ ಫೋಟೊಗಳಿಗೆ ಮಾತ್ರ ಉದ್ದನೆಯ ಉತ್ತರ ಬೇಕು.

ಅಂಥ ಫೋಟೊ ಬಂದಾಗ ನಾನು ರೆಕ್ಕೆಯ ಬಣ್ಣವನ್ನು ನಂಬುವುದಿಲ್ಲ. ಒಂದೇ ಗುಂಪಿನಲ್ಲಿ ಹತ್ತೊಂಬತ್ತು ಚುಕ್ಕೆಯ ಕಿತ್ತಳೆ ಹುಳು, ಚುಕ್ಕೆಯೇ ಇಲ್ಲದ ಹುಳು, ಕಪ್ಪು ಮೈಮೇಲೆ ಎರಡೋ ನಾಲ್ಕೋ ಕೆಂಪು ಬೊಟ್ಟಿನ ಹುಳು ಎಲ್ಲವೂ ಇರುತ್ತವೆ. ಇವು ಒಂದೇ ಜಾತಿ ಎಂದರೆ ಮನೆಯವರು ನಂಬುವುದಿಲ್ಲ. ನೂರಕ್ಕೂ ಹೆಚ್ಚು ಬಗೆಯ ವಿನ್ಯಾಸಗಳು ದಾಖಲಾಗಿವೆ. ಈ ವೈವಿಧ್ಯದ ಹಿಂದೆ ಪ್ಯಾನಿಯರ್ ಎಂಬ ಒಂದೇ ಜೀನ್ ಇದೆ ಎಂದು 2018ರಲ್ಲಿ ತಿಳಿಯಿತು. ಆದ್ದರಿಂದ ಚಿತ್ರವನ್ನು ಹಿಗ್ಗಿಸಿ ನಾನು ಮೊದಲು ನೋಡುವುದು ತಲೆಯ ಹಿಂದಿನ ಬಿಳಿ ಫಲಕವನ್ನು. ಕಿತ್ತಳೆ ಬಣ್ಣದ ಹುಳುವಾದರೆ ಅಲ್ಲಿ ಇಂಗ್ಲಿಷಿನ ‘ಎಂ’ ಅಕ್ಷರದಂಥ ಕಪ್ಪು ಗುರುತು ಇರುತ್ತದೆ. ಕಾಲುಗಳು ಕಂದು, ಉದ್ದ ಐದರಿಂದ ಎಂಟು ಮಿಲಿಮೀಟರ್. ಇಷ್ಟು ಕಂಡರೆ ಅದು ಹಾರ್ಲೆಕ್ವಿನ್ ಗುಲಗಂಜಿ ಹುಳು, ಶಾಸ್ತ್ರೀಯ ಹೆಸರು ಹಾರ್ಮೋನಿಯಾ ಆಕ್ಸಿರಿಡಿಸ್. ತವರು ದಕ್ಷಿಣ ಸೈಬೀರಿಯಾ, ಮಂಗೋಲಿಯಾ, ಚೀನಾ, ಕೊರಿಯಾ ಮತ್ತು ಜಪಾನ್.

ಇದನ್ನು ಹಡಗಿನಲ್ಲಿ ಕದ್ದು ಬಂದ ಕೀಟವೆಂದು ತಿಳಿಯಬೇಡಿ. ಇದನ್ನು ಕರೆತಂದವರು ನನ್ನದೇ ವೃತ್ತಿಯವರು, ಕೀಟತಜ್ಞರು.

1888ರಲ್ಲಿ ಆಲ್ಬರ್ಟ್ ಕೋಬೆಲೆ ಎಂಬ ಕೀಟತಜ್ಞ ಕ್ಯಾಲಿಫೋರ್ನಿಯಾದಿಂದ ಆಸ್ಟ್ರೇಲಿಯಾಕ್ಕೆ ಹೋದರು. ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳನ್ನು ಐಸೆರಿಯಾ ಎಂಬ, ಗಿಡಕ್ಕೆ ಅಂಟಿ ರಸ ಹೀರುವ ಹತ್ತಿಯಂಥ ಶಲ್ಕ ಕೀಟ ನಾಶ ಮಾಡುತ್ತಿತ್ತು. ಕೋಬೆಲೆ ಕಳಿಸಿದ ರೊಡೋಲಿಯಾ ಎಂಬ ಪುಟ್ಟ ಗುಲಗಂಜಿ ಹುಳು ಒಂದೆರಡು ವರ್ಷದಲ್ಲಿ ತೋಟಗಳನ್ನು ಉಳಿಸಿತು. ನೀಲಗಿರಿಯ ವ್ಯಾಟಲ್ ಮರಗಳಿಗೆ ಅದೇ ಶಲ್ಕ ಕೀಟ ತಗಲಿದಾಗ ನಮ್ಮವರೂ 1929ರ ಸುಮಾರಿಗೆ ಇದೇ ರೊಡೋಲಿಯಾವನ್ನು ತರಿಸಿದರು. ಐಸೆರಿಯಾ ಮತ್ತು ಅದರ ಹತ್ತಿರದ ಬಂಧುಗಳನ್ನು ಬಿಟ್ಟು ರೊಡೋಲಿಯಾ ಬೇರೇನನ್ನೂ ಮುಟ್ಟುವುದಿಲ್ಲ. ಗೆಲುವಿಗೆ ಕಾರಣ ಆ ಹಟಮಾರಿ ನಾಲಿಗೆ. ಆದರೆ ಜನ ಕಂಡದ್ದು ಗೆದ್ದದ್ದು ಗುಲಗಂಜಿ ಹುಳು ಎಂಬುದನ್ನು ಮಾತ್ರ. ಅಲ್ಲಿಂದ ಮುಂದೆ ಸಿಕ್ಕಸಿಕ್ಕ ಗುಲಗಂಜಿ ಹುಳುಗಳನ್ನು ದೇಶದಿಂದ ದೇಶಕ್ಕೆ ಸಾಗಿಸುವ ಗೀಳು ಹತ್ತಿತು.

ಹಾರ್ಮೋನಿಯಾವನ್ನು ಕ್ಯಾಲಿಫೋರ್ನಿಯಾದಲ್ಲಿ ಮೊದಲು ಬಿಟ್ಟದ್ದು 1916ರಲ್ಲಿ. ಅದು ನೆಲೆಯೂರಲಿಲ್ಲ. ಮತ್ತೆ ಮತ್ತೆ ತಂದು ಬಿಟ್ಟರೂ ದಶಕಗಳ ಕಾಲ ಅದರ ಸುಳಿವೇ ಇರಲಿಲ್ಲ. 1988ರಲ್ಲಿ ಲೂಸಿಯಾನಾದಲ್ಲಿ ಕಾಡುಸಂತತಿ ಕಂಡಿತು. ಆಮೇಲೆ ಅದನ್ನು ತಡೆದವರಿಲ್ಲ, ಕೆಲವೇ ವರ್ಷಗಳಲ್ಲಿ ಅಮೆರಿಕದ ಬಹುಭಾಗವನ್ನು, ಕೆನಡಾದ ದಕ್ಷಿಣವನ್ನು ಆವರಿಸಿತು. ಫ್ರಾನ್ಸ್ 1982ರಲ್ಲಿ ಚೀನಾದಿಂದ ತರಿಸಿ ಸಾಕಿತು, ಮುಂದೆ ಯುರೋಪಿನ ಗಾಜಿನಮನೆಗಳಿಗೆ ಅದು ಡಬ್ಬಿಗಳಲ್ಲಿ ಮಾರಾಟವಾಯಿತು. ಬ್ರಿಟನ್ನಿನವರು ಬಿಡದಿದ್ದರೂ 2004ರಲ್ಲಿ ಎಸೆಕ್ಸಿನಲ್ಲಿ ಕಾಣಿಸಿಕೊಂಡಿತು. ಗಾಳಿಯೊಂದಿಗೆ ಕಡಲ್ಗಾಲುವೆ ದಾಟಿ, ಹೂವು ತರಕಾರಿಗಳ ಸರಕಿನಲ್ಲಿ ಅಡಗಿ ಬಂದದ್ದು ಅದು.

ವಂಶವಾಹಿ ಪರೀಕ್ಷೆ ಮಾಡಿದವರು 2010ರಲ್ಲಿ ಹೇಳಿದ ಸಂಗತಿ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಯುರೋಪ್, ದಕ್ಷಿಣ ಅಮೆರಿಕ ಮತ್ತು ಆಫ್ರಿಕಕ್ಕೆ ದಾಳಿಯಿಟ್ಟ ಹುಳುಗಳ ಮೂಲ ಏಷ್ಯಾದಲ್ಲಿ ನೇರವಾಗಿ ಸಿಗುವುದಿಲ್ಲ, ಅಮೆರಿಕದ ಪೂರ್ವಭಾಗದಲ್ಲಿ ಸಿಗುತ್ತದೆ. ಅಂದರೆ ಅಲ್ಲಿ ಒಮ್ಮೆ ಗೆದ್ದ ಸಂತತಿಯೇ ಉಳಿದ ಖಂಡಗಳಿಗೆ ಹೊರಟಿತು. ಮರುವರ್ಷದ ಇನ್ನೊಂದು ಅಧ್ಯಯನ ಇದಕ್ಕೊಂದು ಕಾರಣವನ್ನೂ ತೋರಿಸಿತು. ತವರಿನ ಹುಳುಗಳಲ್ಲಿ ಒಡಹುಟ್ಟಿದವು ಕೂಡಿದರೆ ಮರಿಗಳು ಬಡಕಲಾಗುತ್ತವೆ. ದಾಳಿಕೋರ ಸಂತತಿಯಲ್ಲಿ ಆ ದೋಷ ಹೆಚ್ಚುಕಡಿಮೆ ತೊಳೆದುಹೋಗಿದೆ. ಬೆರಳೆಣಿಕೆಯ ಹುಳುಗಳು ಹೊಸ ಊರಿಗೆ ಬಂದಿಳಿದರೂ ಸಂಸಾರ ನಡೆಯುತ್ತದೆ.

ಇನ್ನು ಇದರ ಊಟ. ಎಲೆಯ ಅಡಿಯಲ್ಲಿ ಹಳದಿ ಮೊಟ್ಟೆಗಳ ಗುಚ್ಛ. ಅದರಿಂದ ಬರುವ ಮರಿಹುಳು ಬೆಳೆದಂತೆ ಪುಟ್ಟ ಮೊಸಳೆಯಂತೆ ಕಾಣುತ್ತದೆ: ಕಪ್ಪು ಮೈ, ಎರಡೂ ಪಕ್ಕದಲ್ಲಿ ಕಿತ್ತಳೆ ಪಟ್ಟೆ, ಬೆನ್ನ ತುಂಬ ಕವಲೊಡೆದ ಮುಳ್ಳು. ಹೇನು ಇರುವವರೆಗೆ ಹೇನು ತಿನ್ನುತ್ತದೆ, ಒಂದೊಂದು ಮರಿಹುಳು ನೂರಾರು. ಹೇನು ಮುಗಿದರೆ ಪಕ್ಕದಲ್ಲಿರುವ ಇತರ ಗುಲಗಂಜಿ ಹುಳುಗಳ ಮೊಟ್ಟೆ, ಮರಿ, ಕೋಶಗಳಿಗೆ ಬಾಯಿ ಹಾಕುತ್ತದೆ. ಎರಡು ಚುಕ್ಕೆಯ ಯುರೋಪಿನ ಹುಳುವಿನ ಮರಿ ಎದುರಾದರೆ ಮೆತ್ತಗಿನ ಹೊಟ್ಟೆಗೆ ಕಚ್ಚಿ ಹೀರುತ್ತದೆ. ಅದು ತಿರುಗಿ ಕಚ್ಚಹೋದರೆ ಸಿಗುವುದು ಮುಳ್ಳು. ಇನ್ನೂ ಹಸಿವಾದರೆ ತನ್ನದೇ ಜಾತಿಯ ಮೊಟ್ಟೆಗಳನ್ನೂ ಬಿಡುವುದಿಲ್ಲ.

ಇತರ ಹುಳುಗಳು ಸೇಡು ತೀರಿಸಿಕೊಳ್ಳಲೂ ಆಗದು. ಹಾರ್ಮೋನಿಯಾದ ಮೊಟ್ಟೆಯಲ್ಲಿ, ರಕ್ತದಲ್ಲಿ ವಿಷಕಾರಿಯಾದ ಕಹಿ ಆಲ್ಕಲಾಯ್ಡ್‌ಗಳಿವೆ. 2013ರಲ್ಲಿ ಜರ್ಮನಿಯ ವಿಜ್ಞಾನಿಗಳು ಇನ್ನೊಂದನ್ನು ಕಂಡರು. ಮೈಕ್ರೋಸ್ಪೊರಿಡಿಯಾ ಎಂಬ ಸೂಕ್ಷ್ಮ ಪರಾವಲಂಬಿ ಇದರ ರಕ್ತದಲ್ಲಿ ತುಂಬಿರುತ್ತದೆ, ಇದಕ್ಕೆ ಏನೂ ಆಗುವುದಿಲ್ಲ. ಅದನ್ನು ಏಳು ಚುಕ್ಕೆಯ ಹುಳುವಿನ ಮೈಗೆ ಚುಚ್ಚಿದರೆ ಆ ಹುಳು ಸಾಯುತ್ತದೆ.

ಫಲಿತಾಂಶ ಲೆಕ್ಕಕ್ಕೂ ಸಿಕ್ಕಿದೆ. ಹಾರ್ಲೆಕ್ವಿನ್ ಬಂದ ಐದು ವರ್ಷಗಳಲ್ಲಿ ಎರಡು ಚುಕ್ಕೆಯ ಹುಳು ಬ್ರಿಟನ್ನಿನಲ್ಲಿ ಶೇ 44ರಷ್ಟು, ಬೆಲ್ಜಿಯಂನಲ್ಲಿ ಶೇ 30ರಷ್ಟು ಇಳಿಯಿತು. ಇದನ್ನು ಅಳೆಯಲು ಆದದ್ದು ಅಲ್ಲಿನ ಶಾಲಾ ಮಕ್ಕಳು, ತೋಟದ ಮನೆಯವರು ವರ್ಷಗಟ್ಟಲೆ ತಾವು ಕಂಡ ಹುಳುಗಳನ್ನು ಬರೆದು ಕಳಿಸಿದ್ದರಿಂದ. ನಮ್ಮ ಕೀಟಗಳಿಗೆ ಅಂಥ ದಾಖಲೆ ಇಲ್ಲವಲ್ಲ ಎಂದು ನನಗೆ ಸಂಕಟವಾಗುತ್ತದೆ.

ಬೆಳೆಗಾರರಿಗೆ ಇದರಿಂದ ಲಾಭವೂ ಇದೆ, ಅದನ್ನು ಮುಚ್ಚಿಡಬಾರದು. 2000ನೇ ಇಸವಿಯಲ್ಲಿ ಏಷ್ಯಾದ ಸೋಯಾ ಹೇನು ಅಮೆರಿಕದಲ್ಲಿ ಪತ್ತೆಯಾದಾಗ ಅದನ್ನು ತಿಂದು ತಗ್ಗಿಸಿದವುಗಳಲ್ಲಿ ಹಾರ್ಮೋನಿಯಾ ಮುಂಚೂಣಿಯಲ್ಲಿತ್ತು. ಆದರೆ ಸೋಯಾ ಒಣಗಿದ ಮೇಲೆ ಆ ಲಕ್ಷಾಂತರ ಹುಳುಗಳು ಎಲ್ಲಿಗೆ ಹೋಗಬೇಕು? ಪಕ್ಕದ ದ್ರಾಕ್ಷಿತೋಟಕ್ಕೆ ನುಗ್ಗಿ ಒಡೆದ ಹಣ್ಣಿನ ರಸ ಹೀರಿದವು, ಗೊಂಚಲಿನೊಳಗೆ ಸೇರಿಕೊಂಡು ಹಣ್ಣಿನೊಡನೆ ಅರೆದುಹೋದವು. 2001ರಲ್ಲಿ ಕೆನಡಾದ ಒಂಟಾರಿಯೊದ ವೈನಿಗೆ ಹಸಿ ದೊಣ್ಣೆಮೆಣಸಿನಕಾಯಿ, ಕಡಲೆಕಾಯಿಯ ನಾತ ಹತ್ತಿದ್ದು ಹೀಗೆ. ಹುಳುವಿನ ರಕ್ತದಲ್ಲಿರುವ ಮೆಥಾಕ್ಸಿಪೈರಜೀನ್ ಎಂಬ ಘಾಟು ರಾಸಾಯನಿಕ ಲೀಟರಿಗೆ ಕೆಲವೇ ನ್ಯಾನೊಗ್ರಾಂ ಇದ್ದರೂ ನಾಲಿಗೆಗೆ ತಿಳಿಯುತ್ತದೆ.

ಅಲ್ಲಿಂದ ಮುಂದಿನ ನಿಲ್ದಾಣ ಮನೆ. ತವರಿನಲ್ಲಿ ಇವು ಚಳಿಗಾಲ ಕಳೆಯುವುದು ಬಿಸಿಲು ಬೀಳುವ ಬೆಟ್ಟದ ಬಂಡೆಗಳ ಬಿರುಕಿನಲ್ಲಿ. ಬಯಲುಸೀಮೆಯ ಅಮೆರಿಕದಲ್ಲಿ ತಿಳಿಬಣ್ಣದ ಎತ್ತರದ ಮನೆಯೇ ಬಂಡೆ. ಮೊದಲ ಚಳಿಯ ನಂತರದ ಬೆಚ್ಚನೆಯ ಮಧ್ಯಾಹ್ನ ಗುಂಪಾಗಿ ಬಂದು ಗೋಡೆಗೆ ಕೂರುತ್ತವೆ, ಸಂದು ಹುಡುಕಿ ಒಳಗೆ ಬರುತ್ತವೆ. ಹಿಂದೆ ತಂಗಿದ್ದ ಹುಳುಗಳು ಬಿಟ್ಟ ಮೈವಾಸನೆಯ ಜಾಡು ಹೊಸಬರನ್ನು ಅದೇ ಮೂಲೆಗೆ ಕರೆಯುತ್ತದೆ. ಬಟ್ಟೆ, ಮರ, ದಿನಸಿ ಯಾವುದನ್ನೂ ಇವು ತಿನ್ನುವುದಿಲ್ಲ, ಮನೆಯೊಳಗೆ ಮೊಟ್ಟೆಯಿಡುವುದೂ ಇಲ್ಲ. ಹೊಸಕಿದರೆ ಮಾತ್ರ ಕಾಲಿನ ಕೀಲುಗಳಿಂದ ಹಳದಿ ರಕ್ತ ಒಸರಿ ಗೋಡೆಗೆ ಕಲೆಯಾಗುತ್ತದೆ. ಕೆಲವರಿಗೆ ಇವುಗಳಿಂದ ಮೂಗು ಸೋರುತ್ತದೆ, ಉಬ್ಬಸ ಬರುತ್ತದೆ. ಅಂಥವರು ಮನೆಯಲ್ಲಿದ್ದರೆ ವೈದ್ಯರಿಗೆ ಈ ಹುಳುವಿನ ವಿಷಯವನ್ನೂ ಹೇಳಿ. ವ್ಯಾಕ್ಯೂಮ್ ಕ್ಲೀನರಿನ ಕೊಳವೆಯೊಳಗೆ ಹಳೆಯ ಕಾಲುಚೀಲವೊಂದನ್ನು ಸಿಕ್ಕಿಸಿ ಎಳೆದುಕೊಂಡರೆ ಹುಳುಗಳೆಲ್ಲ ಅದರಲ್ಲಿ ಉಳಿಯುತ್ತವೆ. ಮುಂದಿನ ವರ್ಷ ಸೆಪ್ಟೆಂಬರಿಗೆ ಮುಂಚೆ ಕಿಟಕಿ ಸಂದುಗಳನ್ನು ಮುಚ್ಚಿಸಿ. ಗೋಡೆಯ ಟೊಳ್ಳಿಗೆ ಕೀಟನಾಶಕ ಹೊಡೆಸಬೇಡಿ. ಸತ್ತ ರಾಶಿಯನ್ನು ತಿನ್ನಲು ಬೇರೆ ಹುಳುಗಳು ಬರುತ್ತವೆ.

ಈಚೆಗೆ ಪಾಲಿಹೌಸಿನಲ್ಲಿ ದೊಣ್ಣೆಮೆಣಸು, ಗುಲಾಬಿ ಬೆಳೆಯುವ ಯುವಕರು ‘ಹೊರದೇಶದಲ್ಲಿ ಡಬ್ಬಿಯಲ್ಲಿ ಮಾರುವ ಆ ಹುಳುವನ್ನು ತರಿಸಬಹುದೇ’ ಎಂದು ಕೇಳುತ್ತಾರೆ. ದಯವಿಟ್ಟು ಬೇಡ. ಜೈವಿಕ ನಿಯಂತ್ರಣದ ಕೀಟಗಳನ್ನು ಅನುಮತಿಯಿಲ್ಲದೆ ತರುವುದು 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಅಪರಾಧ. ಕಾನೂನು ಪಕ್ಕಕ್ಕಿಟ್ಟರೂ ನನ್ನ ಉತ್ತರ ಬದಲಾಗುವುದಿಲ್ಲ. ಹಾರ್ಮೋನಿಯಾವನ್ನು ಆರಿಸಿದವರು ಮೆಚ್ಚಿದ್ದು ಅದರ ಹಸಿವು, ಸಂತಾನ, ಚಳಿ ತಡೆಯುವ ಶಕ್ತಿ. ಊರು ಹಾಳು ಮಾಡಿದ್ದೂ ಅವೇ ಮೂರು. ಗ್ಯಾಲಪಗೋಸ್ ದ್ವೀಪಗಳಿಗೆ ಅದೇ ಐಸೆರಿಯಾ ನುಗ್ಗಿದಾಗ, ರೊಡೋಲಿಯಾದ ನಾಲಿಗೆ ಇಷ್ಟು ಹೆಸರಾಗಿದ್ದರೂ, ದ್ವೀಪದ ಸ್ವಂತ ಕೀಟಗಳನ್ನು ಮುಂದಿಟ್ಟು ವರ್ಷಗಟ್ಟಲೆ ಪರೀಕ್ಷಿಸಿದ ಮೇಲೆಯೇ 2002ರಲ್ಲಿ ಹೊರಬಿಟ್ಟರು. ನಮ್ಮ ಪರಂಗಿ, ಹಿಪ್ಪುನೇರಳೆಗಳನ್ನು ಮುತ್ತಿದ, ಮೈಗೆ ಬಿಳಿ ಹಿಟ್ಟು ಮೆತ್ತಿದಂತಿರುವ ರಸ ಹೀರುವ ಹಿಟ್ಟು ತಿಗಣೆಗೆ 2010ರಲ್ಲಿ ಪೋರ್ಟೊರಿಕೊದಿಂದ, ತಿಗಣೆಯ ಮೈಯೊಳಗೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಪುಟ್ಟ ಪರತಂತ್ರ ಕಣಜವನ್ನು ತರಿಸಿ, ಬೆಂಗಳೂರಿನ ಹೆಬ್ಬಾಳದ ಕೀಟ ಸಂಸ್ಥೆಯ ಕ್ವಾರಂಟೈನಿನಲ್ಲಿ ಪರೀಕ್ಷಿಸಿ ಬಿಟ್ಟದ್ದೂ ಇದೇ ದಾರಿ.

ಗುಲಗಂಜಿ ಹುಳುವೇ ಬೇಕೆಂದರೆ ನಮ್ಮಲ್ಲಿ ಕ್ರಿಪ್ಟೋಲೀಮಸ್ ಇದೆ. 1898ರಲ್ಲಿ ಕಾಫಿಯ ಹಸಿರು ಶಲ್ಕ ಕೀಟಕ್ಕೆಂದು ಆಸ್ಟ್ರೇಲಿಯಾದಿಂದ ತಂದದ್ದು. ಆ ಕೆಲಸ ಕೈಗೂಡಲಿಲ್ಲ, ಹಿಟ್ಟು ತಿಗಣೆಗೆ ಒಗ್ಗಿಕೊಂಡು ಉಳಿಯಿತು. ಸಿಹಿಕುಂಬಳಕಾಯಿಯ ಮೇಲೆ ಹಿಟ್ಟು ತಿಗಣೆ ಬೆಳೆಸಿ ಇದನ್ನು ಸಾಕುತ್ತಾರೆ. ದ್ರಾಕ್ಷಿ, ಸೀಬೆ, ಕಾಫಿಗೆ ಒಳ್ಳೆಯ ಗೆಳೆಯ. ಇದೂ ಪೂರ್ತಿ ನಿರಪರಾಧಿಯಲ್ಲ, ದಕ್ಷಿಣ ಆಫ್ರಿಕದಲ್ಲಿ ಪಾಪಾಸುಕಳ್ಳಿ ಕಳೆಯನ್ನು ಕೊಲ್ಲಲು ಬಿಟ್ಟ ಕೀಟವನ್ನೇ ತಿಂದು ತೊಂದರೆ ಕೊಟ್ಟಿದೆ. ತಂದವರು ತೋಟಕ್ಕೆ ಬಿಡುವ ಮೊದಲು ಇರುವೆಗಳನ್ನು ಹತೋಟಿಗೆ ತನ್ನಿ, ಅವು ತಿಗಣೆಯ ಸಿಹಿರಸದ ಆಸೆಗೆ ಹುಳುವನ್ನು ಓಡಿಸುತ್ತವೆ. ಎರಡು ವಾರ ಬಿಟ್ಟು ನೋಡಿದಾಗ ತಿಗಣೆಯ ಗುಂಪಿನ ನಡುವೆ ಇನ್ನೂ ದೊಡ್ಡದಾದ, ಮೈತುಂಬ ಬಿಳಿ ಮೇಣದ ಎಳೆಗಳಿರುವ ಹುಳುಗಳು ಕಾಣುತ್ತವೆ. ‘ತಿಗಣೆ ಹೆಚ್ಚಾಯಿತು’ ಎಂದು ಪಂಪು ಎತ್ತಬೇಡಿ. ಕಡ್ಡಿಯಿಂದ ಮುಟ್ಟಿ ನೋಡಿ. ತಿಗಣೆಯಾದರೆ ಕುಳಿತಲ್ಲೇ ಕುಳಿತಿರುತ್ತದೆ, ಸರಸರನೆ ನಡೆದುಹೋದರೆ ಅದು ಕ್ರಿಪ್ಟೋಲೀಮಸ್‌ನ ಮರಿ.